ಮಕ್ಕಳಿಗೆ ಕಟ್ಟಡ ನೋಡಲು ಕಲಿಸುವುದು: ನಿವೃತ್ತರಿಗೊಂದು ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ಸೋಮನಾಥಪುರಕ್ಕೆ ಶಾಲಾ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತವೆ. ಮಕ್ಕಳು ಸಾಲಾಗಿ ಒಳಗೆ ಹೋಗುತ್ತಾರೆ. ಅಲ್ಲಿನ ಹೊಯ್ಸಳರ ಕಾಲದ ಕೇಶವ ಗುಡಿಯನ್ನು ಒಂದು ಸುತ್ತು ಹಾಕಿ, ಗುಂಪಿನ ಫೋಟೊ ತೆಗೆಸಿಕೊಂಡು, ಅರ್ಧ ಗಂಟೆಯೊಳಗೆ ಮತ್ತೆ ಬಸ್ಸು ಹತ್ತುತ್ತಾರೆ. ಇದಕ್ಕೆ ಶಿಕ್ಷಕರನ್ನು ದೂರುವ ಹಾಗಿಲ್ಲ. ಅವರು ತಲೆ ಎಣಿಸಬೇಕು, ಊಟದ ಹೊತ್ತು ನೋಡಬೇಕು, ಸಂಜೆಯೊಳಗೆ ತಲಕಾಡನ್ನೋ ಶ್ರೀರಂಗಪಟ್ಟಣವನ್ನೋ ಮುಗಿಸಬೇಕು. ಆದರೆ 1258ರಲ್ಲಿ ಪ್ರತಿಷ್ಠೆಯಾದ ಈ ಕಲ್ಲಿನ ಕಟ್ಟಡ ಇಷ್ಟು ವರ್ಷ ಹೇಗೆ ನಿಂತಿದೆ ಅಂತ ಆ ಮಕ್ಕಳನ್ನು ಯಾರೂ ಕೇಳಿರುವುದಿಲ್ಲ. ಹಾಗೆ ಕೇಳಿ, ಉತ್ತರ ಬರುವವರೆಗೆ ಕಾಯುವುದಕ್ಕೆ ಆತುರವಿಲ್ಲದ ಒಬ್ಬರು ಬೇಕು. ನಿವೃತ್ತರಾದ ನಮಗೆ ಆ ಬಿಡುವು ಇದೆ.

ನಾನು ಬ್ಯಾಂಕ್ ಕೆಲಸದಲ್ಲಿದ್ದವಳು. ಈಗ ಬನ್ನೂರಿನಲ್ಲಿದ್ದೇನೆ. ಸುತ್ತಲಿನ ಶಾಲೆಗಳ ಮಕ್ಕಳಿಗೆ ಈ ಗುಡಿಯನ್ನು ತೋರಿಸುವುದು ನನ್ನ ಇಳಿವಯಸ್ಸಿನ ಕೆಲಸ. ಸಂಬಳವಿಲ್ಲ, ಹುದ್ದೆಯಿಲ್ಲ. ವಾಸ್ತುಶಿಲ್ಪ ಓದಿದವಳೂ ಅಲ್ಲ. ನಿಮ್ಮ ಊರಿನ ಹತ್ತಿರವೂ ಒಂದು ಹಳೆಯ ಕಟ್ಟಡ ಇದ್ದೇ ಇರುತ್ತದೆ. ಅಲ್ಲಿ ಈ ಕೆಲಸ ಶುರು ಮಾಡಲು ಏನೇನು ಬೇಕು, ಯಾವುದರ ನಂತರ ಯಾವುದು ಮಾಡಬೇಕು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹೊರದೇಶಗಳಲ್ಲಿ ಇದು ಚೆನ್ನಾಗಿ ಬೇರೂರಿದ ಪದ್ಧತಿ. ಷಿಕಾಗೊದಲ್ಲಿ 1966ರಲ್ಲಿ ಗ್ಲೆಸ್ನರ್ ಹೌಸ್ ಎಂಬ ಹಳೆಯ ಮನೆಯನ್ನು ಕೆಡವದಂತೆ ಉಳಿಸಲು ಕೆಲವರು ಒಟ್ಟಾದರು. ಅದರಿಂದ ಬೆಳೆದ ಸಂಸ್ಥೆಯೇ ಇವತ್ತಿನ ಷಿಕಾಗೊ ಆರ್ಕಿಟೆಕ್ಚರ್ ಸೆಂಟರ್. ಅಲ್ಲಿ ನಗರದ ಕಟ್ಟಡಗಳನ್ನು ನಡೆದು ತೋರಿಸುವವರು ತರಬೇತಿ ಪಡೆದ ಸ್ವಯಂಸೇವಕರು. ಅವರಲ್ಲಿ ನಿವೃತ್ತರೂ ತುಂಬಾ ಜನ. ಮಕ್ಕಳ ಮನೆಗೆಂದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಿ ಅಲ್ಲೇ ನೆಲೆಸಿದ ಹಿರಿಯರು ಇಂಥ ಸಂಸ್ಥೆಗಳಲ್ಲಿ ವಿಚಾರಿಸಿ ನೋಡಬಹುದು. ನಮ್ಮ ಊರುಗಳಲ್ಲಿ ಅಷ್ಟು ದೊಡ್ಡ ವ್ಯವಸ್ಥೆ ಇಲ್ಲ. ಆದರೂ ಹಳೆಯ ಕಟ್ಟಡ, ಕಲೆಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಗೆ ರಾಜ್ಯದ ಹಲವು ಕಡೆ ಶಾಖೆಗಳಿವೆ. ಬೆಂಗಳೂರು ಶಾಖೆಯವರು ‘ಪರಿಚಯ್’ ಹೆಸರಿನಲ್ಲಿ ಪರಂಪರೆಯ ನಡಿಗೆ ಮಾಡಿಸುತ್ತಾರೆ. ಶುರು ಮಾಡುವ ಮುಂಚೆ ಅಂಥ ಒಂದು ನಡಿಗೆಗೆ ಸುಮ್ನೆ ಕೇಳುಗರಾಗಿ ಹೋಗಿ ಬನ್ನಿ. ತೋರಿಸುವವರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತು ಮಾತಾಡುತ್ತಾರೆ, ಜನ ಯಾವಾಗ ಫೋನ್ ತೆಗೆಯುತ್ತಾರೆ ಎಂಬುದನ್ನು ಗಮನಿಸಿ.

ಮೊದಲು, ಒಂದೇ ಒಂದು ಕಟ್ಟಡ

ಹಂಪಿ ಇಡೀ ತೋರಿಸುತ್ತೇನೆ ಎಂದು ಹೊರಡಬೇಡಿ. ಒಂದು ಕಟ್ಟಡ ಸಾಕು. ಅದು ನಿಮ್ಮ ಮನೆಯಿಂದ ಒಂದೇ ಬಸ್ಸಿನ ದೂರದಲ್ಲಿರಬೇಕು. ಬೇಕೆಂದಾಗ ಹೋಗಿ ನೋಡಲು ಆಗದಿದ್ದರೆ ಯಾವ ಕಟ್ಟಡವೂ ಕೈಗೆ ಬರುವುದಿಲ್ಲ. ಪ್ರಸಿದ್ಧವೇ ಆಗಬೇಕೆಂದಿಲ್ಲ. ಹಳೆಯ ತೊಟ್ಟಿ ಮನೆ, ಕಲ್ಯಾಣಿ, ಬ್ರಿಟಿಷರ ಕಾಲದ ರೈಲು ನಿಲ್ದಾಣ, ಮಂಗಳೂರು ಹೆಂಚಿನ ಶಾಲೆ, ಎಲ್ಲವೂ ಪಾಠಕ್ಕೆ ಬರುತ್ತವೆ.

ಆರಿಸುವಾಗ ಈ ಕಟ್ಟಡ ಮಕ್ಕಳಿಗೆ ಯಾವ ಪ್ರಶ್ನೆ ಹುಟ್ಟಿಸುತ್ತದೆ ಎಂದು ಯೋಚಿಸಿ. ಪಟ್ಟದಕಲ್ಲಿನಲ್ಲಿ ಕಾಶಿ ವಿಶ್ವನಾಥ ಗುಡಿಯ ಶಿಖರ ಉತ್ತರದ ನಾಗರ ಶೈಲಿಯದು. ಅದರ ಪಕ್ಕದ ಮಲ್ಲಿಕಾರ್ಜುನ ಗುಡಿಯದು ದ್ರಾವಿಡ ಶೈಲಿ. ಎರಡರ ನಡುವೆ ನಿಂತರೆ ಏನು ವ್ಯತ್ಯಾಸ ಎಂದು ಮಕ್ಕಳೇ ಹೇಳುತ್ತಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಅದರ ಇಳಿಜಾರು ಮಾಡು ನೋಡಿದರೆ ಕರಾವಳಿಯ ಮಳೆಯ ಮಾತು ತಾನಾಗಿ ಬರುತ್ತದೆ. ಮೈಸೂರಿನಲ್ಲಿ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. 1912ರಲ್ಲಿ ಮುಗಿದ ಈಗಿನ ಅರಮನೆಯ ಕಲ್ಯಾಣ ಮಂಟಪದಲ್ಲಿ ಗ್ಲಾಸ್ಗೊದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳಿವೆ. ಮರ ಬಿಟ್ಟು ಕಬ್ಬಿಣಕ್ಕೆ ಯಾಕೆ ಹೋದರು ಎಂದು ಕೇಳಿದರೆ ಏಳನೇ ತರಗತಿಯ ಮಗು ಉತ್ತರ ಹೇಳುತ್ತದೆ. ವಿಜಯಪುರದ ಗೋಳಗುಮ್ಮಟದ ಒಳಗೆ ಸುಮಾರು 38 ಮೀಟರ್ ಅಗಲಕ್ಕೆ ನಡುವೆ ಒಂದು ಕಂಬವೂ ಇಲ್ಲ. ಮಕ್ಕಳು ಅಲ್ಲಿ ಪ್ರತಿಧ್ವನಿ ಕೇಳಲು ಕೂಗುತ್ತಾರೆ. ಕೂಗಲಿ ಬಿಡಿ. ಆಮೇಲೆ ಕಂಬ ಎಲ್ಲಿ ಅಂತ ಕೇಳಿ.

ಓದುವ ಮುಂಚೆ ನೋಡಿ

ಪುಸ್ತಕ ಹಿಡಿಯುವ ಮೊದಲು ಒಬ್ಬರೇ ಹೋಗಿ. ಬೆಳಿಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ, ಮಳೆ ಬರುವಾಗ ಒಮ್ಮೆ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇರಲಿ. ಕಟ್ಟಡದ ಸುತ್ತ ಹೆಜ್ಜೆ ಎಣಿಸುತ್ತಾ ನಡೆದು ಅದರ ನಕ್ಷೆ ಬರೆಯಿರಿ. ಗೆರೆ ಸೊಟ್ಟ ಬಂದರೆ ಚಿಂತೆಯಿಲ್ಲ. ಎಲ್ಲಿ ಬಾಗಿಲು, ಎಲ್ಲೆಲ್ಲಿ ಕಂಬ, ಎಲ್ಲಿ ಗೋಡೆ ದಪ್ಪ ಎಂದು ಗುರುತು ಹಾಕಿ. ಕೈಯಲ್ಲಿ ಬರೆದದ್ದು ತಲೆಯಲ್ಲಿ ಉಳಿಯುತ್ತದೆ. ನಕ್ಷೆ ಬರೆಯುವಾಗಲೇ ನಿಮಗೆ ಅನುಮಾನಗಳು ಬರುತ್ತವೆ: ಈ ಗೋಡೆ ಇಲ್ಲಿ ಯಾಕೆ ತಿರುಗಿತು? ಈ ಕಂಬ ಏನನ್ನು ಹೊತ್ತಿದೆ? ಆ ಅನುಮಾನಗಳನ್ನು ಹಾಗೇ ಬರೆದಿಟ್ಟುಕೊಳ್ಳಿ. ಮುಂದೆ ಮಕ್ಕಳಿಗೆ ಕೇಳಬೇಕಾದ ಪ್ರಶ್ನೆಗಳು ಇವೇ.

ಮಳೆಯಲ್ಲಿ ಹೋಗಿ ಎಂದದ್ದಕ್ಕೆ ಕಾರಣವಿದೆ. ನೀರು ಎಲ್ಲಿ ಇಳಿಯುತ್ತದೆ ಎಂದು ನೋಡಿದರೆ ಕಟ್ಟಿದವರ ಅರ್ಧ ಯೋಚನೆ ತಿಳಿಯುತ್ತದೆ. ಹೊರಕ್ಕೆ ಚಾಚಿದ ಕಲ್ಲಿನ ಸೂರು ಗೋಡೆಯ ಶಿಲ್ಪಗಳಿಗೆ ನೀರು ಬೀಳದ ಹಾಗೆ ತಡೆಯುತ್ತದೆ. ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಮೇಲೆ ಬಿದ್ದ ನೀರು ಯಾವ ಕಡೆ ಹರಿಯುತ್ತದೆ ನೋಡಿ. ಬಿಸಿಲಿನ ದಿನ ಇದು ಗೊತ್ತಾಗುವುದಿಲ್ಲ.

ಆಮೇಲೆ ಓದು. ಮೊದಲು ಅಲ್ಲೇ ಇರುವ ಇಲಾಖೆಯ ಫಲಕ. ಅದರ ನಂತರ ಶಾಸನ. ಬಿ. ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಳೆಯ ಮೈಸೂರು ಭಾಗದ ಶಾಸನಗಳು ತಾಲ್ಲೂಕಿನ ಪ್ರಕಾರ ಸಿಗುತ್ತವೆ. ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಅವನ್ನು ಪರಿಷ್ಕರಿಸಿ ಮತ್ತೆ ತಂದಿದೆ. ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ನಿಮ್ಮ ಕಟ್ಟಡದ ಶಾಸನವೊಂದನ್ನಾದರೂ ನಿಧಾನವಾಗಿ ಓದಿ. ಸೋಮನಾಥಪುರದಲ್ಲಿ ಮಹಾದ್ವಾರದ ಹತ್ತಿರವೇ ದೊಡ್ಡ ಶಾಸನ ಕಲ್ಲು ನಿಂತಿದೆ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಈ ಊರನ್ನೂ ಗುಡಿಯನ್ನೂ ಕಟ್ಟಿಸಿದ ವಿಷಯ ನಮಗೆ ಗೊತ್ತಾಗಿರುವುದು ಶಾಸನದಿಂದಲೇ.

ಇನ್ನೊಂದು ಮುಖ್ಯ ಕೆಲಸ. ನಿಮ್ಮ ಊರಿನ ಹಳೆಯ ಗಾರೆ ಕೆಲಸದವರೊಬ್ಬರನ್ನು, ಸಿಕ್ಕರೆ ಕಲ್ಲು ಕೆಲಸದವರನ್ನು ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ಬಸ್ ಚಾರ್ಜು, ಊಟ, ಆ ದಿನದ ಕೂಲಿ ಕೊಡಿ. ಅವರು ಶಿಲ್ಪ ನೋಡುವ ಮೊದಲು ಸಂದು ನೋಡುತ್ತಾರೆ. ಯಾವ ಕಲ್ಲನ್ನು ಮೊದಲು ಇಟ್ಟಿರಬೇಕು, ಯಾವುದನ್ನು ಆಮೇಲೆ ಕೂರಿಸಿರಬೇಕು ಎಂದು ಹೇಳುತ್ತಾರೆ. ಪುಸ್ತಕದಲ್ಲಿ ಇಷ್ಟು ಚೆನ್ನಾಗಿ ಕಲಿಯಲು ಆಗುವುದಿಲ್ಲ.

ಅನುಮತಿ, ಮತ್ತು ಅಲ್ಲಿರುವ ಗೈಡುಗಳು

ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಲಯ ಕಚೇರಿಗೆ ಒಂದು ಪತ್ರ ಬರೆಯಿರಿ. ರಾಜ್ಯದ್ದಾದರೆ ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಗೆ. ಪತ್ರ ಅರ್ಧ ಪುಟ ಸಾಕು: ನೀವು ಯಾರು, ಯಾವ ಶಾಲೆಯ ಎಷ್ಟು ಮಕ್ಕಳು, ಯಾವ ದಿನ, ಹಣ ತೆಗೆದುಕೊಳ್ಳುವುದಿಲ್ಲ, ಶಿಕ್ಷಕರು ಜೊತೆಗಿರುತ್ತಾರೆ. ಅದರ ಪ್ರತಿಯೊಂದು ಕೈಯಲ್ಲಿರಲಿ. ಸ್ಥಳದಲ್ಲಿರುವ ಸಿಬ್ಬಂದಿಯನ್ನು ಮುಂಚೆಯೇ ಹೋಗಿ ಮಾತಾಡಿಸಿ. ಕೇಂದ್ರ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಟ್ರೈಪಾಡ್ ಇಟ್ಟು ಫೋಟೊ ತೆಗೆಯಲು ಬೇರೆ ಅನುಮತಿ ಬೇಕು.

ಪೂಜೆ ನಡೆಯುವ ಗುಡಿಯಾದರೆ ಅರ್ಚಕರನ್ನು ಕೇಳಿ. ಸೋಮನಾಥಪುರದಲ್ಲಿ ಪೂಜೆ ಇಲ್ಲ, ಹಾಗಾಗಿ ಒಳಗಿನ ಕಂಬಗಳ ಮಂಟಪವಾದ ನವರಂಗದಲ್ಲಿ ಮಕ್ಕಳನ್ನು ಕೂರಿಸಿ ಚಾವಣಿ ನೋಡಿಸಬಹುದು. ಬೇಲೂರಿನಲ್ಲಿ ನಿತ್ಯ ಪೂಜೆ ಇದೆ. ಅಲ್ಲಿ ಮಂಗಳಾರತಿ ಹೊತ್ತಿಗೆ ನಿಮ್ಮ ಪಾಠ ನಿಲ್ಲಬೇಕು.

ಲೈಸೆನ್ಸ್ ಇರುವ ಗೈಡುಗಳ ವಿಷಯ ಹೇಳಲೇಬೇಕು. ಈ ಕೆಲಸದಿಂದಲೇ ಅವರ ಮನೆ ನಡೆಯುತ್ತದೆ. ನಾವು ಪಿಂಚಣಿ ಬರುವವರು ಪುಕ್ಕಟೆ ಹೇಳುತ್ತಾ ನಿಂತರೆ ಅವರ ಹೊಟ್ಟೆಯ ಮೇಲೆ ಹೊಡೆದ ಹಾಗಾಗುತ್ತದೆ. ಅದಕ್ಕೇ ನನಗೆ ಒಂದು ಕಟ್ಟುನಿಟ್ಟು ಇದೆ: ಗೈಡ್ ಮಾಡಿಸಲು ದುಡ್ಡಿಲ್ಲದ ಶಾಲೆಗಳ ಮಕ್ಕಳನ್ನು ಮಾತ್ರ ಕರೆದುಕೊಂಡು ಹೋಗುವುದು. ಪ್ರವಾಸಿಗರು ನನ್ನ ಗುಂಪಿನ ಹತ್ತಿರ ಬಂದು ನಿಂತು, ನಮಗೂ ಹೇಳಿ ಎಂದರೆ ಅಲ್ಲಿರುವ ಗೈಡನ್ನು ತೋರಿಸುತ್ತೇನೆ. ಮೊದಲ ದಿನವೇ ಹೋಗಿ ಅವರಿಗೆ ಇದನ್ನು ತಿಳಿಸಿಬಿಡಿ. ಆಮೇಲೆ ಅವರೇ ನಿಮ್ಮ ಜೊತೆಗಾರರಾಗುತ್ತಾರೆ. ದಿನವೂ ಅಲ್ಲಿರುವ ಅವರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ.

ಶಾಲೆಯ ಜೊತೆ ಮಾತು

ಮುಖ್ಯ ಶಿಕ್ಷಕರನ್ನು ನೇರವಾಗಿ ಭೇಟಿ ಮಾಡಿ. ಶಾಲಾಭಿವೃದ್ಧಿ ಸಮಿತಿಯವರಿಗೂ ತಿಳಿಸಲು ಹೇಳಿ, ತಂದೆತಾಯಿಗಳ ಒಪ್ಪಿಗೆ ಶಾಲೆಯ ಮೂಲಕವೇ ಬರಲಿ. ಆರು, ಏಳು, ಎಂಟನೇ ತರಗತಿ ಈ ಕೆಲಸಕ್ಕೆ ಸರಿಯಾದ ವಯಸ್ಸು. ಗುಂಪಿನಲ್ಲಿ 20 ಮಕ್ಕಳಿಗಿಂತ ಜಾಸ್ತಿ ಬೇಡ. ತರಗತಿಯಲ್ಲಿ 40 ಜನ ಇದ್ದರೆ ಅರ್ಧ ಜನ ನಿಮ್ಮ ಜೊತೆ ನೋಡಲಿ, ಉಳಿದವರು ಶಿಕ್ಷಕರ ಜೊತೆ ಗುಡಿಯ ಸುತ್ತಲಿನ ಕಂಬಸಾಲಿನ ಕೈಸಾಲೆಯಲ್ಲಿ ಕೂತು ಚಿತ್ರ ಬರೆಯಲಿ. ಆಮೇಲೆ ಅದಲು ಬದಲು.

ಕೆಲವು ವಿಷಯಗಳಲ್ಲಿ ಸಡಿಲ ಬಿಡಬಾರದು. ಶಿಕ್ಷಕರಿಲ್ಲದೆ ಮಕ್ಕಳ ಗುಂಪನ್ನು ಒಬ್ಬರೇ ಕರೆದುಕೊಂಡು ಹೋಗಬೇಡಿ. ಒಂದು ಮಗುವಿನ ಜೊತೆ ಒಬ್ಬರೇ ಎಲ್ಲೂ ಇರಬೇಡಿ. ಮಕ್ಕಳ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹಾಕಬೇಡಿ. ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ, ತೆರೆದಿದೆಯಾ, ನೀರಿದೆಯಾ ಎಂದು ಹಿಂದಿನ ದಿನವೇ ನೋಡಿ ಬನ್ನಿ. ಇದು ಸರಿಯಿಲ್ಲದಿದ್ದರೆ ಮಕ್ಕಳ ಮನಸ್ಸು ಪಾಠದಲ್ಲಿ ನಿಲ್ಲುವುದಿಲ್ಲ.

ಗುಡಿಗೆ ಹೋಗುವ ಮುಂಚಿನ ಒಂದು ತರಗತಿ

ಹೋಗುವ ವಾರದಲ್ಲಿ ಶಾಲೆಯಲ್ಲಿ ಒಂದು ಪಿರಿಯಡ್ ಕೇಳಿಕೊಳ್ಳಿ. ನನ್ನ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ಈ 40 ನಿಮಿಷ. ಬೇಕಾಗುವುದು ಸೀಮೆಸುಣ್ಣ, ಮಕ್ಕಳದೇ ನೋಟ್‌ಬುಕ್, ರಟ್ಟು, ಒಂದು ಗುಂಡುಪಿನ್ನು.

ಮೊದಲು ಸೀಮೆಸುಣ್ಣ. ಒಂದು ಉದ್ದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಲು ಹೇಳಿ. ಮುರಿಯುವುದಿಲ್ಲ. ಈಗ ಎರಡು ತುದಿ ಹಿಡಿದು ಬಾಗಿಸಲು ಹೇಳಿ. ಪಟ್ಟನೆ ಮುರಿಯುತ್ತದೆ. ಕಲ್ಲಿನ ಗುಣವೂ ಇದೇ. ಮೇಲಿನಿಂದ ಬರುವ ಭಾರವನ್ನು ಎಷ್ಟಾದರೂ ತಡೆಯುತ್ತದೆ, ಬಾಗಿಸುವ ಭಾರವನ್ನು ತಡೆಯುವುದಿಲ್ಲ. ಕಲ್ಲಿನ ತೊಲೆ ಉದ್ದವಾದಷ್ಟೂ ನಡುವೆ ಮುರಿಯುವ ಭಯ ಜಾಸ್ತಿ. ಅದಕ್ಕೇ ಕಲ್ಲಿನ ಮಂಟಪಗಳಲ್ಲಿ ಕಂಬಗಳು ಹತ್ತಿರ ಹತ್ತಿರ ಇರುತ್ತವೆ. ಇದನ್ನು ಹೇಳಿಕೊಡುವ ಮುಂಚೆ, ಕಂಬಗಳನ್ನು ಯಾಕೆ ದೂರ ದೂರ ನಿಲ್ಲಿಸಲಿಲ್ಲ ಎಂದು ಕೇಳಿ. ಮುರಿದ ಸೀಮೆಸುಣ್ಣ ಕೈಯಲ್ಲಿ ಹಿಡಿದಿರುವ ಮಗು ಉತ್ತರ ಕಂಡುಹಿಡಿಯುತ್ತದೆ.

ಎರಡನೆಯದು ನೋಟ್‌ಬುಕ್. ಒಂದೇ ಅಳತೆಯ ಆರು ನೋಟ್‌ಬುಕ್‌ಗಳನ್ನು ಮೇಜಿನ ಅಂಚಿನಲ್ಲಿ ಒಂದರ ಮೇಲೊಂದು ಇಟ್ಟು, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪ ಹೊರಕ್ಕೆ ತಳ್ಳಬೇಕು. ಮೇಲಿನ ಪುಸ್ತಕದಿಂದ ಶುರು ಮಾಡಿ: ಅದನ್ನು ಅರ್ಧದವರೆಗೂ ತಳ್ಳಬಹುದು, ಅದರ ಕೆಳಗಿನದನ್ನು ಕಾಲು ಭಾಗ, ಅದರ ಕೆಳಗಿನದನ್ನು ಇನ್ನೂ ಕಡಿಮೆ. ಜಾಗ್ರತೆಯಾಗಿ ಮಾಡಿದರೆ ಮೇಲಿನ ಪುಸ್ತಕ ಪೂರ್ತಿಯಾಗಿ ಮೇಜಿನ ಅಂಚಿನಾಚೆ ಬಂದು ನಿಲ್ಲುತ್ತದೆ. ಅಂಟು ಇಲ್ಲ, ಮೊಳೆ ಇಲ್ಲ, ಹಿಂದಿನ ಭಾರವೇ ಅದನ್ನು ಹಿಡಿದಿರುತ್ತದೆ. ಹೊಯ್ಸಳರ ಗುಡಿಯ ಚಾವಣಿ ಮುಚ್ಚಿರುವ ಉಪಾಯ ಇದೇ ಜಾತಿಯದು. ನಾಲ್ಕು ತೊಲೆಗಳ ಚೌಕ. ಅದರ ಮೂಲೆಗಳ ಮೇಲೆ ಅಡ್ಡ ಕಲ್ಲು ಇಟ್ಟರೆ ನಡುವಿನ ಜಾಗ ಚಿಕ್ಕದಾಗುತ್ತದೆ. ಅದರ ಮೇಲೆ ಒಳಕ್ಕೆ ಚಾಚಿದ ಇನ್ನೊಂದು ಸುತ್ತು. ಹೀಗೆ ಜಾಗ ಕಿರಿದಾಗುತ್ತಾ ಹೋಗಿ ಕೊನೆಗೆ ಒಂದು ಕಲ್ಲು ಮುಚ್ಚುತ್ತದೆ.

ಮೂರನೆಯದು ರಟ್ಟು. ಒಂದು ಚೌಕ ಕತ್ತರಿಸಿ, ನಡುವೆ ಗುಂಡುಪಿನ್ನು ಚುಚ್ಚಿ ಹಾಳೆಯ ಮೇಲೆ ಇಡಿ. ಸುತ್ತ ಗೆರೆ ಎಳೆಯಿರಿ. 22.5 ಡಿಗ್ರಿ ತಿರುಗಿಸಿ ಮತ್ತೆ ಎಳೆಯಿರಿ. ಒಟ್ಟು ನಾಲ್ಕು ಸಲ ಎಳೆದರೆ 16 ಮೂಲೆಯ ನಕ್ಷತ್ರ ಬರುತ್ತದೆ. ಸೋಮನಾಥಪುರದ ಮೂರು ಗರ್ಭಗುಡಿಗಳ ಹೊರಗೋಡೆಯ ಆಕಾರ ಇದು. ಮಂಟಪಕ್ಕೆ ಸೇರಿಕೊಂಡ ಕಡೆ ಮಾತ್ರ ಮೂಲೆಗಳು ಕಾಣುವುದಿಲ್ಲ. ಕೋನಮಾಪಕ ಹಿಡಿಯುವುದಕ್ಕೆ ಬೇಸರಪಡುವ ಮಕ್ಕಳೂ ಇದನ್ನು ಬಿಡದೆ ಮಾಡುತ್ತಾರೆ. ಗಣಿತದ ಮೇಷ್ಟ್ರನ್ನೂ ಕರೆದು ಕೂರಿಸಿಕೊಳ್ಳಿ.

ಸ್ಥಳದಲ್ಲಿ: ಐದು ಕಡೆ ನಿಂತರೆ ಸಾಕು

ಒಂದು ಗಂಟೆಗಿಂತ ಜಾಸ್ತಿ ಬೇಡ. ಐದು ಕಡೆ ನಿಲ್ಲಿ. ನಾನು ನಿಲ್ಲುವ ಕಡೆಗಳನ್ನು ಹೇಳುತ್ತೇನೆ, ನಿಮ್ಮ ಕಟ್ಟಡಕ್ಕೆ ಹೊಂದಿಸಿಕೊಳ್ಳಿ.

ಮಹಾದ್ವಾರ ದಾಟಿದ ಕೂಡಲೇ ಮೊದಲನೆಯದು. ಇಲ್ಲಿ ನಾನು ಮಾತಾಡುವುದೇ ಇಲ್ಲ. ಎರಡು ನಿಮಿಷ ಸುಮ್ಮನೆ ನೋಡಿ, ಏನು ಕಂಡಿತೋ ಹೇಳಿ ಎನ್ನುತ್ತೇನೆ. ಮೂರು ಶಿಖರ ಎಂದು ಯಾರಾದರೂ ಹೇಳುತ್ತಾರೆ. ಹಾಗಾದರೆ ಒಳಗೆ ಎಷ್ಟು ಗರ್ಭಗುಡಿ ಇರಬಹುದು? ಕೇಶವ, ಜನಾರ್ದನ, ವೇಣುಗೋಪಾಲರ ಹೆಸರು ಆಮೇಲೆ ಬಂದರೆ ಸಾಕು. ಹೊರಗಿನದನ್ನು ನೋಡಿ ಒಳಗಿನದನ್ನು ಊಹಿಸುವುದು ಮೊದಲ ಪಾಠ.

ಎರಡನೆಯದು ಜಗತಿಯ ಮೇಲೆ, ಗೋಡೆಯ ಹತ್ತಿರ. ಜಗತಿಯ ಅಂಚು ಗುಡಿಯ ನಕ್ಷತ್ರದ ಆಕಾರವನ್ನೇ ಹಿಡಿದು ಹೋಗುತ್ತದೆ. ರಟ್ಟಿನಲ್ಲಿ ಮಾಡಿದ ನಕ್ಷತ್ರ ಕಾಲಡಿಯಲ್ಲಿ ಕಂಡಾಗ ಮಕ್ಕಳ ಮುಖ ನೋಡಬೇಕು ನೀವು! ಮೂಲೆಯಿಂದ ಮೂಲೆಗೆ ನಡೆಸಿ, ಬಿಸಿಲು ಎಲ್ಲಿದೆ, ನೆರಳು ಎಲ್ಲಿದೆ ಎಂದು ಗುರುತಿಸಲು ಹೇಳಿ. ಗೋಡೆ ಹೀಗೆ ಮಡಿಚಿಕೊಂಡಿದ್ದರಿಂದಲೇ ಶಿಲ್ಪಗಳಿಗೆ ಜಾಗವೂ ಹೆಚ್ಚಾಯಿತು, ನೆರಳು ಬೆಳಕಿನ ಆಟವೂ ಬಂತು.

ಮೂರನೆಯದು ಗೋಡೆಯ ಕೆಳಗಿನ ಪಟ್ಟಿಕೆಗಳು. ಕೆಳಗಿನಿಂದ ಆನೆ, ಕುದುರೆ ಸವಾರರು, ಬಳ್ಳಿ, ಕಥೆಯ ದೃಶ್ಯಗಳು, ಮಕರ, ಹಂಸ. ಇಲ್ಲಿ ಹಿರಿಯರಾದ ನಮಗೆ ಕಥೆ ಹೇಳುವ ಆಸೆ ಬಂದುಬಿಡುತ್ತದೆ. ರಾಮಾಯಣ ದಕ್ಷಿಣದ ಕಡೆ, ಭಾಗವತ ಹಿಂದೆ, ಮಹಾಭಾರತ ಉತ್ತರಕ್ಕೆ. ಎಲ್ಲ ಹೇಳಲು ಹೊರಟರೆ ಸಂಜೆಯಾಗುತ್ತದೆ. ಒಂದು ದೃಶ್ಯ ಆರಿಸಿಕೊಳ್ಳಿ. ಉಳಿದ ಹೊತ್ತಿನಲ್ಲಿ ಇನ್ನೊಂದು ಕೇಳಿ: ಭಾರವಾದ ಆನೆಯನ್ನು ಎಲ್ಲಕ್ಕಿಂತ ಕೆಳಗೆ ಯಾಕೆ ಇಟ್ಟರು? ಪಟ್ಟಿಯ ನಡುವೆ ಕಲ್ಲಿನ ಸಂದು ಎಲ್ಲಿ ಬರುತ್ತದೆ? ಸಂದು ಹುಡುಕುತ್ತಾ ಹೋದ ಮಕ್ಕಳಿಗೆ ಇದು ಒಂದೇ ಬಂಡೆಯಲ್ಲಿ ಕೊರೆದದ್ದಲ್ಲ, ಒಂದೊಂದೇ ಕಲ್ಲನ್ನು ಜೋಡಿಸಿದ್ದು ಎಂದು ತಿಳಿಯುತ್ತದೆ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ ಇದ್ದು, ಗಾಳಿಗೆ ತೆರೆದಿಟ್ಟ ಮೇಲೆ ಗಟ್ಟಿಯಾಗುತ್ತದೆ. ಇಷ್ಟು ನವಿರು ಕೆತ್ತನೆ ಸಾಧ್ಯವಾದದ್ದು ಅದರಿಂದ. ಶಿಲ್ಪವನ್ನು ಮುಟ್ಟಲು ಬಿಡಬೇಡಿ. ಅದಕ್ಕೆ ಬದಲು ಬಳಪದ ಕಲ್ಲಿನ ಒಂದು ಚೂರನ್ನು ಚೀಲದಲ್ಲಿ ಒಯ್ಯಿರಿ, ಎಲ್ಲರ ಕೈಗೂ ಕೊಡಿ. ಕಣ್ಣು ಕಾಣದ ಮಗು ಗುಂಪಿನಲ್ಲಿದ್ದರೆ ಆ ಚೂರು, ರಟ್ಟಿನ ನಕ್ಷತ್ರ, ಮಣ್ಣಿನಲ್ಲಿ ಮಾಡಿದ ಒಂದು ಪುಟ್ಟ ಮಾದರಿ ಬಹಳ ಉಪಯೋಗಕ್ಕೆ ಬರುತ್ತವೆ.

ನಾಲ್ಕನೆಯದು ಒಳಗಿನ ಕಂಬಗಳು. ಹೊರಗಿನ ಬಿಸಿಲಿನಿಂದ ಒಳಗೆ ಬಂದ ಕೂಡಲೇ ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಳ್ಳುವವರೆಗೆ ಕೂರಿಸಿ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕೇಳಿದರೆ ಮುಂಭಾಗದ ತೂತು ತೂತಿನ ಕಲ್ಲಿನ ಕಿಟಕಿಗಳಾದ ಜಾಲಂಧ್ರಗಳನ್ನು ಅವರೇ ತೋರಿಸುತ್ತಾರೆ. ಕಂಬಗಳ ಮೇಲೆ ಉಂಗುರದ ಹಾಗೆ ಗೆರೆಗಳಿವೆ. ತಿರುಗಣೆಗೆ ಹಾಕಿ ಕಡೆದ ಗುರುತು ಅದು. ನಮ್ಮ ಕಡೆಯ ಮಕ್ಕಳಿಗೆ ಚನ್ನಪಟ್ಟಣದ ಗೊಂಬೆಯ ಮೇಲಿನ ಗೆರೆ ನೆನಪಿಸಿದರೆ ಸಾಕು, ಅರ್ಥವಾಗುತ್ತದೆ.

ಐದನೆಯದು ಚಾವಣಿ. ಇಲ್ಲಿ 16 ಭುವನೇಶ್ವರಿಗಳಿವೆ, ಅಂದರೆ ಕೆತ್ತನೆಯ ಚಾವಣಿಗಳು. ಬಾಳೆಹೂವು ಅರಳುವ ಬೇರೆ ಬೇರೆ ಹಂತಗಳ ಹಾಗೆ ಕೆತ್ತಿದವು ಇವೆ. ಅಂಗೈ ಅಗಲದ ಕನ್ನಡಿಗಳನ್ನು ಒಯ್ಯಿರಿ. ಕನ್ನಡಿಯನ್ನು ಎದೆಯ ಹತ್ತಿರ ಹಿಡಿದು ಕೆಳಗೆ ನೋಡಿದರೆ ಚಾವಣಿ ಕಾಣುತ್ತದೆ. ಮಕ್ಕಳಿಗೆ ಖುಷಿ, ನಮ್ಮ ಕತ್ತಿಗೂ ಒಳ್ಳೆಯದು. ನೋಟ್‌ಬುಕ್ ಜೋಡಿಸಿದ್ದು ನೆನಪಿದೆಯಾ ಎಂದು ಇಲ್ಲಿ ಕೇಳಿ. ಕೇಳಿ ಸುಮ್ಮನಿರಿ. ಕಲ್ಲಿನ ಸುತ್ತುಗಳನ್ನು ಕೆಳಗಿನಿಂದ ಮೇಲಕ್ಕೆ ಅವರೇ ಎಣಿಸಲಿ.

ಕಥೆಗೂ ದಾಖಲೆಗೂ ನಡುವೆ

ಹೊಯ್ಸಳ ಗುಡಿ ಎಂದ ಕೂಡಲೇ ಜಕಣಾಚಾರಿ ಕಟ್ಟಿದ್ದಾ ಎಂದು ಕೇಳುತ್ತಾರೆ. ಜಕಣಾಚಾರಿಯ ಕಥೆ ನಮ್ಮ ಜನ ಪ್ರೀತಿಯಿಂದ ಹೇಳಿಕೊಂಡು ಬಂದದ್ದು. ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ‘ಜನ ಹೀಗೆ ಹೇಳುತ್ತಾರೆ’ ಎಂದು ಹೇಳಿ. ಆಮೇಲೆ ‘ಕಲ್ಲಿನ ಮೇಲೆ ಹೀಗೆ ಬರೆದಿದೆ’ ಎಂದು ತೋರಿಸಿ. ಸೋಮನಾಥಪುರದ ಹಲವು ಶಿಲ್ಪಗಳ ಕೆಳಗೆ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಕೆತ್ತಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರಿದೆ. ಎಂಟು ನೂರು ವರ್ಷದ ಹಿಂದೆ ಕೆಲಸ ಮಾಡಿದ ಒಬ್ಬ ಮನುಷ್ಯನ ಹೆಸರನ್ನು ಅವನು ಕೆತ್ತಿದ ಕಲ್ಲಿನ ಮೇಲೆಯೇ ನೋಡುವುದು ಮಕ್ಕಳನ್ನು ಅಲ್ಲಾಡಿಸಿಬಿಡುತ್ತದೆ. ಈ ಎರಡು ಮಾತುಗಳ ವ್ಯತ್ಯಾಸವನ್ನು ಎಳೆಯ ವಯಸ್ಸಿನಲ್ಲೇ ತಿಳಿದುಕೊಂಡವರು ಮುಂದೆ ಯಾವ ಸುದ್ದಿಯನ್ನೂ ಕಣ್ಣು ಮುಚ್ಚಿ ನಂಬುವುದಿಲ್ಲ.

ಒಡೆದ ಮೂರ್ತಿ ನೋಡಿದಾಗ, ಯಾರು ಒಡೆದರು ಅಜ್ಜಿ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ದಾಖಲೆ ಇರುವಷ್ಟನ್ನು ಮಾತ್ರ ಹೇಳಿ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ಸೈನ್ಯ ಹೊಯ್ಸಳರ ರಾಜಧಾನಿ ದ್ವಾರಸಮುದ್ರದವರೆಗೆ, ಅಂದರೆ ಈಗಿನ ಹಳೇಬೀಡಿನವರೆಗೆ, ಬಂದದ್ದು ಇತಿಹಾಸ. ಆದರೆ ನಿಮ್ಮ ಮುಂದಿರುವ ಈ ಮೂಗು, ಈ ಕೈ ಯಾವಾಗ ಹೋಯಿತು ಎನ್ನಲು ಆಧಾರ ಬೇಕು. ಯುದ್ಧ, ಕಳ್ಳತನ, ಮಳೆ, ಮಕ್ಕಳು ಹತ್ತಿ ಕೂತದ್ದು, ಎಲ್ಲದರಿಂದಲೂ ಕಲ್ಲು ಒಡೆಯುತ್ತದೆ. ‘ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ’ ಎಂದರೆ ನಿಮ್ಮ ಗೌರವ ಕಡಿಮೆಯಾಗುವುದಿಲ್ಲ. ಮಗುವಿನ ಹೆಸರು, ಪ್ರಶ್ನೆ ಬರೆದುಕೊಳ್ಳಿ. ಉತ್ತರವನ್ನು ಶಾಲೆಗೆ ಒಂದು ಅಂಚೆ ಕಾರ್ಡಿನಲ್ಲಿ ಕಳಿಸಿ. ತನ್ನ ಹೆಸರಿಗೆ ಬಂದ ಕಾರ್ಡನ್ನು ಮಕ್ಕಳು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ನಮ್ಮ ಮೈ ಕೈ

ಬೆಳಿಗ್ಗೆ ಹತ್ತೂವರೆಯೊಳಗೆ ಮುಗಿಸಿ. ಚಪ್ಪಲಿ ಬಿಟ್ಟು ನಡೆಯುವ ಕಡೆ ಆಮೇಲೆ ಕಲ್ಲು ಕಾದು ಕಾಲು ಇಡಲು ಆಗುವುದಿಲ್ಲ. ದಪ್ಪ ಕಾಲುಚೀಲ ಇರಲಿ. ಮಂಡಿ ನೋವಿನವರು ಜಗತಿಯ ಮೆಟ್ಟಿಲನ್ನು ಒಂದೇ ಸಲ ಹತ್ತಿ ಒಂದೇ ಸಲ ಇಳಿಯುವ ಹಾಗೆ ದಾರಿ ಹಾಕಿಕೊಳ್ಳಿ. ಐದು ನಿಲ್ದಾಣಗಳಲ್ಲಿ ಎರಡಾದರೂ ಕೂರುವ ಜಾಗವಾಗಿರಲಿ. ಬಿಪಿ, ಸಕ್ಕರೆಯ ಮಾತ್ರೆ ತಪ್ಪಿಸಬೇಡಿ. ಜೇಬಿನಲ್ಲಿ ಬಿಸ್ಕೆಟ್, ಕೈಯಲ್ಲಿ ನೀರು.

ಗಂಟಲಿನ ಬಗ್ಗೆ ಒಂದು ಮಾತು. ಕೂಗಬೇಡಿ. ನೀವು ಗೋಡೆಗೆ ಬೆನ್ನು ಹಾಕಿ, ಬಿಸಿಲು ನಿಮ್ಮ ಮುಖಕ್ಕೆ ಬೀಳುವ ಹಾಗೆ ನಿಲ್ಲಿ. ಮಕ್ಕಳ ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದರೆ ಅವರು ನಿಮ್ಮನ್ನೂ ನೋಡುವುದಿಲ್ಲ, ಗೋಡೆಯನ್ನೂ ನೋಡುವುದಿಲ್ಲ. ಎಲ್ಲರೂ ಹತ್ತಿರ ಬಂದ ಮೇಲೆ ಮೆಲ್ಲಗೆ ಮಾತಾಡಿ.

ಹಿಂದಿರುಗಿದ ಮೇಲೆ

ಪ್ರಬಂಧ ಬರೆಸಬೇಡಿ ಎಂದು ಶಿಕ್ಷಕರನ್ನು ಕೇಳಿಕೊಳ್ಳಿ. ಅದಕ್ಕೆ ಬದಲು ಮಕ್ಕಳು ತಮ್ಮ ತಮ್ಮ ಮನೆಯ ನಕ್ಷೆಯನ್ನು ಹೆಜ್ಜೆ ಅಳತೆಯಲ್ಲಿ ಬರೆದು ತರಲಿ. ತೊಲೆ ಯಾವುದು, ಕಂಬ ಯಾವುದು, ಮಳೆ ನೀರು ಎಲ್ಲಿ ಇಳಿಯುತ್ತದೆ, ಮಧ್ಯಾಹ್ನ ಎಲ್ಲಿ ತಂಪು? ಶೀಟಿನ ಮನೆ, ಆರ್‌ಸಿಸಿ ಮನೆ, ಹೆಂಚಿನ ಮನೆ, ಎಲ್ಲವೂ ಬರುತ್ತವೆ. ಯಾರ ಮನೆಯೂ ಚಿಕ್ಕದೆನಿಸದ ಹಾಗೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ. ಶೀಟಿನ ಕೆಳಗೆ ತೆಂಗಿನ ಗರಿ ಕಟ್ಟಿ ಮನೆ ತಂಪು ಮಾಡಿಕೊಂಡವರ ಬುದ್ಧಿ ಯಾವ ಎಂಜಿನಿಯರ್ ಬುದ್ಧಿಗೂ ಕಡಿಮೆಯಿಲ್ಲ, ಅಲ್ವಾ? ಅದನ್ನು ತರಗತಿಯಲ್ಲಿ ಎಲ್ಲರ ಮುಂದೆ ಹೇಳಿ.

ದೊಡ್ಡ ಮಕ್ಕಳಾದರೆ ಕಾನೂನನ್ನೂ ಸ್ವಲ್ಪ ತಿಳಿಸಿ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಊರಿನವರಿಗೆ ಇದರಿಂದ ಮನೆ ಕಟ್ಟಲು ತೊಂದರೆಯಾಗುತ್ತದೆ, ಅದು ನಿಜವಾದ ಕಷ್ಟ. ಆ ಕಷ್ಟ ಅನುಭವಿಸುವ ಮನೆಗಳ ಮಕ್ಕಳೇ ನಿಮ್ಮ ಮುಂದೆ ಕೂತಿರುತ್ತಾರೆ. ಅವರ ಮಾತನ್ನೂ ಕೇಳಿ.

ವರ್ಷದ ಲೆಕ್ಕ

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಮುಖ್ಯ ಶಿಕ್ಷಕರನ್ನು ನೋಡಿ. ಜುಲೈ, ಆಗಸ್ಟ್ ಮಳೆಯಲ್ಲಿ ನಿಮ್ಮ ಅಭ್ಯಾಸ. ದಸರಾ ರಜೆಯ ನಂತರ ಮೊದಲ ಗುಂಪು. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಆಗ ಇಲಾಖೆಯವರೂ ಕಾರ್ಯಕ್ರಮ ಮಾಡುತ್ತಾರೆ, ಅವರ ಜೊತೆ ಸೇರಿಕೊಳ್ಳಬಹುದು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ಜನ ಜಾಸ್ತಿ ಬರುತ್ತಾರೆ. ಅದಕ್ಕೇ ಡಿಸೆಂಬರ್ ಕೊನೆಯ ವಾರ ಬಿಟ್ಟುಬಿಡಿ. ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಪರೀಕ್ಷೆಗೆ.

ಏಪ್ರಿಲ್ 18 ವಿಶ್ವ ಪರಂಪರೆಯ ದಿನ. ಬಿಸಿಲು ಜೋರಾಗಿರುತ್ತದೆ, ಮಕ್ಕಳನ್ನು ಕರೆಯಬೇಡಿ. ಆ ದಿನ ನಿಮ್ಮ ವಯಸ್ಸಿನ ಇಬ್ಬರು ಮೂವರನ್ನು ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ, ಅದೇ ಐದು ಕಡೆ ನಿಲ್ಲಿಸಿ, ಅದೇ ಪ್ರಶ್ನೆಗಳನ್ನು ಕೇಳಿ. ಅವರಲ್ಲಿ ಒಬ್ಬರು ಮುಂದಿನ ಜೂನ್‌ಗೆ ಜೊತೆಯಾಗಲು ಒಪ್ಪಿದರೆ 40 ಮಕ್ಕಳ ತರಗತಿಯನ್ನು ಒಟ್ಟಿಗೇ ಕರೆಸಬಹುದು.